ಶಂಕೆ ದೋಷವಾಗುವುದೆಲ್ಲಿ?

ಸಮ್ಯಗ್ದರ್ಶನಕ್ಕೆ ಕಲಂಕ ತರುವ ಅತಿಚಾರಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಮೊಟ್ಟಮೊದಲು ಹೆಸರಿಸಿರುವುದು ಶಂಕೆಯನ್ನು. ಅದರ ಬೆನ್ನಿಗೇ ಬರುವುದು ಕಾಂಕ್ಷೆ. ಧಾರ್ಮಿಕ ಪಾಠಶಾಲೆಗೆ ನಾಲ್ಕು ದಿನ ಹೋದ ಬಾಲಕನಿಗೂ ಈ ಎರಡು ಶಬ್ದಗಳು ಬಾಯಿಪಾಠವಾಗಿರುತ್ತವೆ. ಬಾಯಿಪಾಠವಾದ ಶಬ್ದಗಳಿಗೆ ಒಂದು ಅಪಾಯವಿದೆ. ಅವು ಎಲ್ಲಿ ಬೇಕಾದರೂ ನಾಲಿಗೆಗೆ ಬಂದುಬಿಡುತ್ತವೆ. 2021ರ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದ ಒಂದು ಮನೆಯ ಪಡಸಾಲೆಯಲ್ಲಿ ‘ಶಂಕೆ’ ಎಂಬ ಮಾತು ಬಳಕೆಯಾದ ರೀತಿಯನ್ನು ಕೇಳಿದಂದಿನಿಂದ, ಶ್ರಾವಕನಿಗೆ ಶಂಕೆ ದೋಷವಾಗುವುದೆಲ್ಲಿ, ಕರ್ತವ್ಯವಾಗುವುದೆಲ್ಲಿ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕೋವಿಡ್ ಎರಡನೆಯ ಅಲೆಯ ಕಾವು ಆಗತಾನೇ ಇಳಿದಿತ್ತು. ಬಂಧುಗಳ ಮನೆಯಲ್ಲಿ ಮಗುವಿನ ನಾಮಕರಣ. ಸೇರಿದ್ದವರು ಇಪ್ಪತ್ತು ಇಪ್ಪತ್ತೈದು ಮಂದಿ. ಊಟವಾದ ಮೇಲೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣನೊಬ್ಬ, ನನ್ನ ಬಹುಕಾಲದ ಮಿತ್ರರ ಮಗ, ಒಂದು ಸಣ್ಣ ವೈದ್ಯಕೀಯ ಉಪಕರಣ ಸಂಸ್ಥೆಯ ಷೇರಿನ ವಿಷಯ ತೆಗೆದ. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರು ಮೊದಲಾದವುಗಳನ್ನು ಅದು ತಯಾರಿಸುತ್ತಿತ್ತು. ಅದರ ಷೇರಿನ ಬೆಲೆ ಒಂದು ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. “ಇದು ಕಾಮಗಾರಿ ಗುತ್ತಿಗೆಯಲ್ಲ, ಮದ್ಯವಲ್ಲ, ಚರ್ಮದ ವ್ಯಾಪಾರವಲ್ಲ. ಜೀವ ಉಳಿಸುವ ಉಪಕರಣ. ನಮ್ಮಂಥವರಿಗೆ ಇದಕ್ಕಿಂತ ಶುದ್ಧವಾದ ವ್ಯವಹಾರ ಯಾವುದಿದೆ?” ಎಂದು ಅವನು ಕೇಳಿದಾಗ ಹಲವರು ತಲೆದೂಗಿದರು.

ಅಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ಇದ್ದರು. ನಮ್ಮ ಪಾಠಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಅವರು ಮೆಲ್ಲಗೆ, “ಲಾಭ ಅಂತ ಬರೆದಿದ್ದಾರೆ, ಸರಿ ಮಗು. ಆ ಹಣ ಬ್ಯಾಂಕಿಗೆ ಬಂದಿದೆಯೋ, ಇನ್ನೂ ಬರಬೇಕೋ?” ಎಂದರು. “ದೊಡ್ಡಪ್ಪ, ಅದೆಲ್ಲ ಹಳೆಯ ಕಾಲದ ಲೆಕ್ಕ. ಈಗ ನೋಡಬೇಕಾದ್ದು ಬೆಳವಣಿಗೆ” ಎಂದ ತರುಣ. ಅವರು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಹಿರಿಯ ಶ್ರಾವಿಕೆಯೊಬ್ಬರು, “ಶುಭಕಾರ್ಯದ ಮನೆಯಲ್ಲಿ ಶಂಕೆ ಯಾಕೆ? ಶಂಕೆ ಸಮ್ಯಕ್ತ್ವಕ್ಕೇ ಅತಿಚಾರ ಅಂತ ಮಕ್ಕಳಿಗೆ ಹೇಳಿಕೊಡೋರು ನೀವೇ ಅಲ್ಲವೇ?” ಎಂದುಬಿಟ್ಟರು. ಎಲ್ಲರೂ ನಕ್ಕರು. ಆ ನಗೆಯ ಉತ್ಸಾಹದಲ್ಲಿ ಮತ್ತೊಬ್ಬರು, “ಮೂರನೆಯ ಅಲೆ ಬಂದರೆ ಇನ್ನೂ ಏರುತ್ತೆ ಬಿಡಿ” ಎಂದರು. ಮತ್ತೆ ನಕ್ಕರು. ನಾನೂ ನಕ್ಕೆ.

ನಾನು ನಗಬಾರದಿತ್ತು. ಜೀವಮಾನವೆಲ್ಲ ಅವರಿವರ ಲೆಕ್ಕಪತ್ರ ಬರೆದು ಬದುಕಿದವನಾದ್ದರಿಂದ ವಾರ್ಷಿಕ ವರದಿಗಳನ್ನು ಓದುವ ಚಟ ನನಗಿದೆ. ಆ ಸಂಸ್ಥೆಯ ವರದಿಯನ್ನೂ ಓದಿದ್ದೆ. ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಹಣ ಬಂದಿರಲಿಲ್ಲ, ಲಾಭದ ಬಹುಪಾಲು ‘ಬರತಕ್ಕ ಬಾಕಿ’ಯ ಕಲಮಿನಲ್ಲಿ ಕುಳಿತಿತ್ತು. ಹಾಗಿದ್ದೂ ಸುಮ್ಮನಿದ್ದುದಕ್ಕೆ ಕಾರಣ ತೀರ ಸಾಮಾನ್ಯವಾದದ್ದು. ಆ ತರುಣನಿಗೂ ನನ್ನ ತಮ್ಮನ ಮಗಳಿಗೂ ಸಂಬಂಧದ ಮಾತುಕತೆ ನಡೆಯುತ್ತಿತ್ತು.

ವೈದ್ಯಕೀಯ ಉಪಕರಣದ ಷೇರಿಗೆ ಬೇರೆ ಷೇರುಗಳಿಗಿಲ್ಲದ ಒಂದು ಪ್ರಭಾವಳಿ ಇದೆ. ಆಕ್ಸಿಮೀಟರನ್ನೇ ತೆಗೆದುಕೊಳ್ಳೋಣ. ಬೆರಳಿನ ತುದಿಗೆ ಕಚ್ಚಿಸುವ ಆ ಪುಟ್ಟ ಸಾಧನ ಕೆಂಪು ಬೆಳಕನ್ನೂ, ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕನ್ನೂ ಬೆರಳಿನ ಮೂಲಕ ಹಾಯಿಸುತ್ತದೆ. ಆಮ್ಲಜನಕ ಹೊತ್ತ ರಕ್ತವೂ ಹೊರದ ರಕ್ತವೂ ಈ ಎರಡು ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿದಂತೆ ಆ ಹೀರಿಕೆ ಏರಿಳಿಯುವುದನ್ನು ಅಳೆದು, ಸೂಜಿ ಚುಚ್ಚದೆ, ಒಂದು ಹನಿ ರಕ್ತ ತೆಗೆಯದೆ ಅದು ಆಮ್ಲಜನಕದ ಪ್ರಮಾಣವನ್ನು ತಿಳಿಸುತ್ತದೆ. ಈ ತತ್ತ್ವವನ್ನು 1974ರಲ್ಲಿ ಲೋಕದ ಮುಂದಿಟ್ಟವರು ಜಪಾನಿನ ತಕುವೊ ಅಯೊಯಾಗಿ. 2020ರ ಏಪ್ರಿಲಿನಲ್ಲಿ, ಜಗತ್ತಿನ ಮನೆಮನೆಯೂ ಅವರ ಸಾಧನವನ್ನು ಹುಡುಕಲು ಆರಂಭಿಸಿದ ಹೊತ್ತಿಗೆ, ಅವರು ತೀರಿಕೊಂಡರು. ಇಂಥ ವಸ್ತುವನ್ನು ತಯಾರಿಸುವ ಸಂಸ್ಥೆಯನ್ನು ಪ್ರಶ್ನಿಸುವುದೆಂದರೆ ರೋಗಿಯ ಪ್ರಾಣವನ್ನೇ ಪ್ರಶ್ನಿಸಿದಂತೆ ಕೇಳುವವರಿಗೆ ತೋರುತ್ತದೆ.

ಇನ್ನೊಂದು ಭ್ರಮೆ ಸರ್ಕಾರಿ ಅನುಮತಿಯದು. ಉಪಕರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತೆಂಬ ಸುದ್ದಿ ಬಂದ ದಿನ ಷೇರು ಏರುತ್ತದೆ. ಆದರೆ ಅಲ್ಲಿ ಬಹುಪಾಲು ಉಪಕರಣಗಳಿಗೆ ಅನುಮತಿ ದೊರೆಯುವುದು, ಈಗಾಗಲೇ ಮಾರುಕಟ್ಟೆಯಲ್ಲಿರುವ ಮತ್ತೊಂದು ಉಪಕರಣಕ್ಕೆ ಅದು ಸಮಾನವಾಗಿದೆ ಎಂಬ ಆಧಾರದ ಮೇಲೆ. ನಮ್ಮ ದೇಶದಲ್ಲಿಯೂ 2017ರ ವೈದ್ಯಕೀಯ ಉಪಕರಣ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ಉಪಕರಣಗಳೂ ಔಷಧ ಕಾಯ್ದೆಯ ವ್ಯಾಪ್ತಿಗೆ ಸೇರಿದವು. ಇವೆಲ್ಲ ಯಂತ್ರ ರೋಗಿಗೆ ಅಪಾಯ ತರದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದನ್ನು ಮಾರಿದ ಹಣ ಕೈಸೇರುತ್ತದೆಯೇ, ಸಾಲ ತೀರುತ್ತದೆಯೇ ಎಂಬುದನ್ನು ಯಾವ ಅನುಮತಿಪತ್ರವೂ ಹೇಳುವುದಿಲ್ಲ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಬಹಿರಂಗ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ 1992ರಲ್ಲಿ ಹುಟ್ಟಿದ ಆಪ್ಟೋ ಸರ್ಕ್ಯೂಟ್ಸ್ ಎಂಬ ಸಂಸ್ಥೆ ಆಕ್ಸಿಮೀಟರಿನ ಸಂವೇದಕಗಳಿಂದ ತನ್ನ ಹೆಸರು ಕಟ್ಟಿತು. ಅದು ಜರ್ಮನಿಯ ಸ್ಟೆಂಟ್ ತಯಾರಕ ಯೂರೋಕಾರ್ ಸಂಸ್ಥೆಯನ್ನು ಕೊಂಡಿತು. 2008ರಲ್ಲಿ ಅಮೆರಿಕದ ಕ್ರಿಟಿಕೇರ್ ಸಿಸ್ಟಮ್ಸ್ ಅನ್ನು ಕೊಂಡಿತು. 2010ರ ಕೊನೆಯಲ್ಲಿ, ನಿಂತ ಹೃದಯಕ್ಕೆ ವಿದ್ಯುದಾಘಾತ ಕೊಟ್ಟು ಮತ್ತೆ ಮಿಡಿಸುವ ಯಂತ್ರಗಳನ್ನು ತಯಾರಿಸುತ್ತಿದ್ದ ಕಾರ್ಡಿಯಾಕ್ ಸೈನ್ಸ್ ಅನ್ನು ಸುಮಾರು 5.5 ಕೋಟಿ ಡಾಲರಿಗೆ ಕೊಂಡಿತು. ಆ ಹೊತ್ತಿಗೆ ಕಾರ್ಡಿಯಾಕ್ ಸೈನ್ಸ್ ನಷ್ಟದಲ್ಲಿತ್ತು. ದೋಷ ಕಂಡುಬಂದ ಯಂತ್ರಗಳನ್ನು ಸರಿಪಡಿಸುವ ಹೊಣೆಯೂ ಅದರ ಮೇಲಿತ್ತು. ಬೆಂಗಳೂರಿನ ಕನ್ನಡಿಗರಿಗೆ ಇದು ಹೆಮ್ಮೆಯ ವಿಷಯವಾಗಿ ಕಂಡಿತು. ನಮ್ಮೂರಿನ ಸಂಸ್ಥೆಯೊಂದು ಅಮೆರಿಕದ ಸಂಸ್ಥೆಗಳನ್ನು ಕೊಳ್ಳುತ್ತಿದೆ ಎಂದರೆ ಹೆಮ್ಮೆಯಾಗದೆ ಇರುತ್ತದೆಯೇ? ಅದರ ಷೇರು ಆ ದಿನಗಳಲ್ಲಿ 300 ರೂಪಾಯಿಯ ಆಸುಪಾಸಿನಲ್ಲಿತ್ತು.

ಕೆಲವರು ಮಾತ್ರ ಅನುಮಾನಿಸುತ್ತಲೇ ಇದ್ದರು. ಅವರು ಕೇಳುತ್ತಿದ್ದುದು ನಮ್ಮ ಪಡಸಾಲೆಯ ಹಿರಿಯರು ಕೇಳಿದ ಪ್ರಶ್ನೆಯನ್ನೇ. ವರ್ಷದಿಂದ ವರ್ಷಕ್ಕೆ ಲಾಭ ಏರುತ್ತಿದೆ, ಆದರೆ ಬರತಕ್ಕ ಬಾಕಿಯೂ ಏರುತ್ತಿದೆ. ನಗದು ಅದಕ್ಕೆ ತಕ್ಕಂತೆ ಬರುತ್ತಿಲ್ಲ. ಕೊಳ್ಳುವಿಕೆಗಳಿಗೆ ಸಾಲ ಬೆಳೆಯುತ್ತಿದೆ. ಇದು ಎಲ್ಲಿಗೆ ಮುಟ್ಟುತ್ತದೆ? ಆಸ್ಪತ್ರೆಗಳಿಗೂ ದೂರದೇಶಗಳ ವಿತರಕರಿಗೂ ಮಾರುವ ವ್ಯವಹಾರದಲ್ಲಿ ದೀರ್ಘ ಉದ್ರಿ ಅನಿವಾರ್ಯ ಎಂಬ ಸಮಾಧಾನವೂ ಇತ್ತು, ಮತ್ತು ಅದು ಸುಳ್ಳೇನಲ್ಲ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸಿದ ಯಾರನ್ನು ಕೇಳಿದರೂ ಇದರ ಮರ್ಮ ಹೇಳುತ್ತಾರೆ. ಚಿಕ್ಕಪೇಟೆಯ ಸಗಟು ವ್ಯಾಪಾರಿಗೆ ನೂರು ಸೀರೆ ಉದ್ರಿ ಕೊಟ್ಟ ನೇಕಾರ ಪುಸ್ತಕದಲ್ಲಿ ಲಾಭ ಬರೆದುಕೊಳ್ಳಬಹುದು. ಹಬ್ಬದ ಮುಂದೆ ಹಣ ಬಂದರೆ ಅದು ಲಾಭವೇ ಸರಿ. ಆದರೆ ಹಳೆಯ ಬಾಕಿ ಬಾರದೆ ಹೊಸ ನೂರು ಸೀರೆಯನ್ನೂ ಅವನಿಗೇ ಕೊಟ್ಟು, ರೇಷ್ಮೆ ಕೊಳ್ಳಲು ಬಡ್ಡಿಗೆ ಸಾಲ ತಂದರೆ, ಅವನ ಹೆಂಡತಿ ಮೂರನೆಯ ತಿಂಗಳಿಗೇ ಕೇಳುತ್ತಾಳೆ: “ಲಾಭ ಎಲ್ಲಿದೆ ತೋರಿಸಿ.” ಆಕೆಯ ಪ್ರಶ್ನೆಯನ್ನು ಯಾರೂ ಅಧರ್ಮವೆಂದು ಕರೆದಿಲ್ಲ. ನಮ್ಮ ಹೆಣ್ಣುಮಕ್ಕಳು ಮಗ್ಗದ ಮನೆಯಲ್ಲಿ ಕೇಳುವುದನ್ನೇ ಷೇರುಪೇಟೆಯಲ್ಲಿ ಕೇಳಿದರೆ ಮಾತ್ರ ಅದು ಅಪಶಕುನವಾಗಿಬಿಡುತ್ತದೆ!

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸಾಲದ ಹೊರೆ ತಾಳಲಾಗಲಿಲ್ಲ. 2013ರಲ್ಲಿ ಷೇರು ಕುಸಿಯಿತು. ದಶಕ ಮುಗಿಯುವುದರೊಳಗೆ ಹತ್ತು ರೂಪಾಯಿಗಿಂತ ಕೆಳಗಿಳಿಯಿತು. ಕಾರ್ಡಿಯಾಕ್ ಸೈನ್ಸ್ 2015ರಲ್ಲಿ ಕೈತಪ್ಪಿತು. ಆ ಸಂಸ್ಥೆ ಮೋಸ ಮಾಡಿತೆಂದು ಹೇಳಲು ನಾನು ಹೊರಟಿಲ್ಲ. ಹಾಗೆ ಹೇಳುವ ಅಧಿಕಾರವೂ ನನಗಿಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತನಿಖಾ ಸಂಸ್ಥೆ ಅದರ ಬ್ಯಾಂಕ್ ಖಾತೆಗಳನ್ನು ಸ್ತಂಭನಗೊಳಿಸಿದಾಗ, ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರುವರಿ 3ರಂದು, ಆ ಕ್ರಮ ಕಾನೂನು ವಿಧಿಸಿದ ವಿಧಾನವನ್ನು ಅನುಸರಿಸಿಲ್ಲವೆಂದು ತೀರ್ಪಿತ್ತಿತು. ಶಂಕೆಗೆ ಒಳಗಾದವನಿಗೂ ವಿಧಿಬದ್ಧವಾದ ನಡವಳಿಕೆ ಸಲ್ಲಬೇಕು ಎಂಬುದು ಅದರ ಸಾರ. ಶಂಕೆ ಬೇರೆ, ತೀರ್ಪು ಬೇರೆ. ಅನುಮಾನಿಸುವ ಪ್ರತಿಯೊಬ್ಬನೂ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಮತ್ತೊಂದು. ಕಾರ್ಡಿಯಾಕ್ ಸೈನ್ಸಿನ ಹೃದಯಯಂತ್ರಗಳು ಎಲ್ಲಿಗೂ ಹೋಗಲಿಲ್ಲ. 2019ರಲ್ಲಿ ಜೋಲ್ ಎಂಬ ಮತ್ತೊಂದು ಸಂಸ್ಥೆ ಅದನ್ನು ಕೊಂಡಿತು. ಯಂತ್ರ ಸತ್ಯವಾಗಿತ್ತು, ಷೇರು ಕೊಂಡವರು ಮಾತ್ರ ಹಣ ಕಳೆದುಕೊಂಡರು. ಹಾಗಾದರೆ ‘ಯಂತ್ರವನ್ನು ನಂಬಿದೆ’ ಎಂದು ಹೇಳಿಕೊಂಡು ಷೇರು ಕೊಂಡವರು ನಿಜವಾಗಿ ನಂಬಿದ್ದು ಯಾವುದನ್ನು? ಯಂತ್ರದ ಮೇಲಿನ ಶ್ರದ್ಧೆಗೆ ಷೇರು ಬೇಕಾಗಿಲ್ಲ. ರೋಗಿಗೆ ಒಳಿತಾಗಲಿ ಎಂಬ ಭಾವ ಮಾತ್ರ ಇದ್ದಿದ್ದರೆ ಒಂದು ಯಂತ್ರವನ್ನು ಕೊಂಡು ತಾಲ್ಲೂಕು ಆಸ್ಪತ್ರೆಗೆ ಕೊಡಬಹುದಿತ್ತು. ನಾವು ನಂಬಿದ್ದು ಬೆಲೆ ಏರುತ್ತದೆ ಎಂಬುದನ್ನು. ಅದರ ಹೆಸರು ಶ್ರದ್ಧೆಯಲ್ಲ, ಕಾಂಕ್ಷೆ. ಆಚಾರ್ಯರು ಶಂಕೆಯ ಪಕ್ಕದಲ್ಲೇ ಕಾಂಕ್ಷೆಯನ್ನೂ ಇಟ್ಟಿದ್ದಾರೆ; ನಮ್ಮ ಪಡಸಾಲೆಯಲ್ಲಿ ಅಂದು ಮೊದಲನೆಯ ಅತಿಚಾರವನ್ನು ಎತ್ತಿ ತೋರಿಸಿದವರಿಗೆ ಎರಡನೆಯದು ನೆನಪಾಗಲಿಲ್ಲ.

ಕಾಂಕ್ಷೆ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಆ ‘ಮೂರನೆಯ ಅಲೆ’ಯ ಮಾತೇ ಸಾಕ್ಷಿ. ಅಂದು ನಗುತ್ತಾ ಕುಳಿತಿದ್ದವರಲ್ಲಿ ಇಬ್ಬರು ಎರಡನೆಯ ಅಲೆಯಲ್ಲಿ ಮನೆಯವರನ್ನು ಕಳೆದುಕೊಂಡಿದ್ದರು. ಅನರ್ಥದಂಡಗಳಲ್ಲಿ ಅಪಧ್ಯಾನ ಎಂಬುದೊಂದಿದೆ. ಪರರಿಗೆ ಕೇಡಾಗಲೆಂದು ಮನಸ್ಸಿನಲ್ಲಿ ಬಯಸುವುದು. ನಾವು ಯಾರೂ ಕೇಡು ಬಯಸಿದವರಲ್ಲ. ಆದರೂ, ಅದೇ ಜುಲೈಯಲ್ಲಿ ಔಷಧ ಬೆಲೆ ಪ್ರಾಧಿಕಾರ ಆಕ್ಸಿಮೀಟರು ಸೇರಿದಂತೆ ಐದು ಉಪಕರಣಗಳ ಮಾರಾಟದ ಲಾಭಾಂಶಕ್ಕೆ ಶೇ. 70ರ ಮಿತಿ ಹಾಕಿದಾಗ, ಬಡವರಿಗೆ ಅಗ್ಗವಾಯಿತೆಂದು ಸಂತೋಷಪಡಬೇಕಾದ ನಮ್ಮ ಜನರಲ್ಲಿ ಕೆಲವರು ‘ಷೇರು ಬೀಳುತ್ತದೆ’ ಎಂದು ಪೇಚಾಡಿದ್ದನ್ನು ನಾನು ಕಿವಿಯಾರೆ ಕೇಳಿದೆ. 2017ರ ಫೆಬ್ರುವರಿಯಲ್ಲಿ ಅದೇ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಯನ್ನು 29,600 ರೂಪಾಯಿಗೆ ಇಳಿಸಿದಾಗ, ಹೃದಯದ ಚಿಕಿತ್ಸೆಗೆಂದು ಚಿನ್ನ ಒತ್ತೆಯಿಟ್ಟ ಕುಟುಂಬಗಳನ್ನು ಬಲ್ಲ ಇದೇ ಜನ ಹರ್ಷಿಸಿದ್ದರು. ನಾಲ್ಕು ವರ್ಷಗಳಲ್ಲಿ ಅವರ ಸ್ವಭಾವ ಬದಲಾಗಿರಲಿಲ್ಲ, ಕೈಯಲ್ಲಿ ಷೇರು ಬಂದಿತ್ತು ಅಷ್ಟೆ.

ಯಂತ್ರವೇ ಸುಳ್ಳಾದ ಪ್ರಸಂಗವೂ ಉಂಟು. ಅಮೆರಿಕದಲ್ಲಿ 2003ರಲ್ಲಿ ಎಲಿಜಬೆತ್ ಹೋಮ್ಸ್ ಎಂಬ ತರುಣಿ ಸ್ಥಾಪಿಸಿದ ಥೆರಾನೋಸ್, ಬೆರಳಿನಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಹತ್ತು ಹಲವು ಪರೀಕ್ಷೆ ಮಾಡುವುದಾಗಿ ಹೇಳಿ 900 ಕೋಟಿ ಡಾಲರಿನ ಸಂಸ್ಥೆ ಎನಿಸಿಕೊಂಡಿತ್ತು. ಅದರ ಆಡಳಿತ ಮಂಡಳಿಯಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಶುಲ್ಟ್ಸ್ ಇದ್ದರು. ಅವರ ಮೊಮ್ಮಗ ಟೈಲರ್ ಅಲ್ಲಿಯೇ ನೌಕರನಾಗಿದ್ದ. ಪರೀಕ್ಷೆಗಳು ಸರಿಯಿಲ್ಲವೆಂದು ಮೊಮ್ಮಗ ಅಜ್ಜನಿಗೆ ಹೇಳಿದ. ಅಜ್ಜ ನಂಬಿದ್ದು ಮೊಮ್ಮಗನನ್ನಲ್ಲ, ಸಂಸ್ಥೆಯನ್ನು. 2015ರ ಅಕ್ಟೋಬರಿನಲ್ಲಿ ಪತ್ರಿಕೆಯಲ್ಲಿ ವಿಷಯ ಹೊರಬಿತ್ತು, 2018ರಲ್ಲಿ ಸಂಸ್ಥೆ ಮುಚ್ಚಿತು, 2022ರಲ್ಲಿ ಹೋಮ್ಸ್‌ಗೆ ಹನ್ನೊಂದು ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು. ಬಂಡವಾಳ ಹೂಡಿದವರನ್ನು ವಂಚಿಸಿದ ಆರೋಪಗಳಲ್ಲಿ ಆಕೆ ತಪ್ಪಿತಸ್ಥೆ ಎಂದ ನ್ಯಾಯದರ್ಶಿ ಮಂಡಳಿ, ರೋಗಿಗಳನ್ನು ವಂಚಿಸಿದ ಆರೋಪಗಳಲ್ಲಿ ಹಾಗೆ ಹೇಳಲಿಲ್ಲ ಎಂಬುದು ಬೇರೆಯೇ ಒಂದು ಲೇಖನಕ್ಕೆ ವಿಷಯವಾದೀತು. ನಾನು ನೆನೆಯುವುದು ಆ ಅಜ್ಜ ಮೊಮ್ಮಗರನ್ನು. ಸ್ವಂತ ಮನೆಯೊಳಗೆ ಪ್ರಶ್ನೆ ಎತ್ತುವುದು ಎಷ್ಟು ಕಷ್ಟವೆಂಬುದನ್ನು ದೊಡ್ಡಬಳ್ಳಾಪುರದ ಪಡಸಾಲೆಯಲ್ಲಿ ಬಾಯಿಮುಚ್ಚಿ ಕುಳಿತವನು ಬಲ್ಲ.

ಇಷ್ಟು ಹೇಳಿ, ಅನುಮಾನಿಸುವವರೆಲ್ಲ ಧರ್ಮಾತ್ಮರು ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ಷೇರಿನ ಬೆಲೆ ಬಿದ್ದರೆ ಲಾಭ ಮಾಡಿಕೊಳ್ಳುವ ಪಂಥದವರು ಪೇಟೆಯಲ್ಲಿದ್ದಾರೆ. ಅವರ ಶಂಕೆಯ ಬೆನ್ನಿಗೂ ಕಾಂಕ್ಷೆಯೇ ಇದೆ. ಶಸ್ತ್ರಚಿಕಿತ್ಸೆಗೆ ನೆರವಾಗುವ ಯಂತ್ರ ತಯಾರಿಸುವ ಅಮೆರಿಕದ ಇಂಟ್ಯೂಟಿವ್ ಸರ್ಜಿಕಲ್ ಸಂಸ್ಥೆಯ ಬಗ್ಗೆ 2012-13ರ ಸುಮಾರಿಗೆ ಅಂಥವರೊಬ್ಬರು ಕಟುವಾದ ವರದಿ ಹೊರಡಿಸಿದರು. ಆ ವರದಿಯನ್ನು ನಂಬಿ ಷೇರು ಮಾರಿದವರು ಮುಂದಿನ ವರ್ಷಗಳಲ್ಲಿ ಅದರ ಬೆಲೆ ಹಲವು ಪಟ್ಟಾದುದನ್ನು ದೂರದಿಂದ ನೋಡಬೇಕಾಯಿತು. ಅಷ್ಟೇಕೆ, ನಮ್ಮ ನಡುವೆಯೇ ಕೆಲವರಿದ್ದಾರೆ. ಯಾರು ಯಾವ ಹೊಸ ಕೆಲಸಕ್ಕೆ ಕೈಹಾಕಿದರೂ ‘ಇದು ಮುಳುಗುತ್ತದೆ’ ಎನ್ನುವುದೇ ಅವರ ವ್ರತ. ಹತ್ತರಲ್ಲಿ ಏಳು ಮುಳುಗುವುದರಿಂದ ಅವರಿಗೆ ಜ್ಞಾನಿಗಳೆಂಬ ಹೆಸರೂ ಬರುತ್ತದೆ. ಉಳಿದ ಮೂರನ್ನು ಕಟ್ಟಿದವರ ಎದೆಗುಂದಿಸಿದ ಪಾಪದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಹಾಗಾದರೆ ಸರಿಯಾದ ಶಂಕೆಯ ಲಕ್ಷಣವೇನು? ನನಗೆ ಇಲ್ಲಿ ದಾರಿ ತೋರಿದ್ದು ಸಮ್ಯಕ್ತ್ವದ ಎಂಟು ಅಂಗಗಳ ಕಥೆಗಳು; ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ನಯಸೇನನ ‘ಧರ್ಮಾಮೃತ’ದಿಂದ ಇವು ಚಿರಪರಿಚಿತ. ಅಮೂಢದೃಷ್ಟಿಗೆ ಉದಾಹರಣೆ ಮಥುರೆಯ ರಾಣಿ ರೇವತಿ. ಆಕೆಯನ್ನು ಪರೀಕ್ಷಿಸಲು ಬಂದ ಕ್ಷುಲ್ಲಕನು ವಿದ್ಯಾಬಲದಿಂದ ಒಂದೊಂದು ದಿಕ್ಕಿನಲ್ಲಿ ಒಂದೊಂದು ದೇವತೆಯ ರೂಪ ತೋರಿಸಿ, ಕೊನೆಗೆ ಸಮವಸರಣವನ್ನೇ ನಿರ್ಮಿಸಿ ಅದರೊಳಗೆ ತೀರ್ಥಂಕರನಾಗಿ ಕುಳಿತನು. ಊರಿಗೆ ಊರೇ ಓಡಿತು. ರೇವತಿ ಹೋಗಲಿಲ್ಲ. ತೀರ್ಥಂಕರರು ಇಪ್ಪತ್ತನಾಲ್ವರು, ಇಪ್ಪತ್ತೈದನೆಯವರು ಎಲ್ಲಿಂದ ಬಂದರು ಎಂಬುದು ಆಕೆಯ ಪ್ರಶ್ನೆ. ಗಮನಿಸಬೇಕು, ಆಕೆಗೆ ಶ್ರದ್ಧೆಯ ಕೊರತೆಯಿರಲಿಲ್ಲ. ಶ್ರದ್ಧೆ ಇದ್ದುದರಿಂದಲೇ ಪ್ರಶ್ನೆ ಹುಟ್ಟಿತು. ಆಕೆ ಯಾರನ್ನೂ ಹಳಿಯಲಿಲ್ಲ, ಕಳ್ಳನೆಂದು ಕೂಗಲಿಲ್ಲ. ಎಣಿಸಿದಳು, ಎಣಿಕೆ ತಾಳೆಯಾಗಲಿಲ್ಲ, ಮನೆಯಲ್ಲಿ ಉಳಿದಳು. ‘ಹಣ ಬ್ಯಾಂಕಿಗೆ ಬಂದಿದೆಯೇ’ ಎಂದು ಕೇಳಿದ ಹಿರಿಯರು ಮಾಡಿದ್ದೂ ಇಷ್ಟೇ.

ಆದರೆ ಅದೇ ಎಂಟು ಅಂಗಗಳಲ್ಲಿ ಉಪಗೂಹನವೂ ಇದೆ, ಮತ್ತು ನನ್ನ ಮೌನಕ್ಕೆ ನಾನು ಬಹಳ ದಿನ ಆಸರೆಯಾಗಿ ಹಿಡಿದದ್ದು ಅದನ್ನೇ. ಜಿನೇಂದ್ರಭಕ್ತ ಶ್ರೇಷ್ಠಿಯ ಮನೆಯ ಚೈತ್ಯಾಲಯಕ್ಕೆ ಕಳ್ಳನೊಬ್ಬ ವ್ರತಿಯ ವೇಷದಲ್ಲಿ ಸೇರಿಕೊಂಡು ಛತ್ರದ ವೈಡೂರ್ಯವನ್ನು ಕದ್ದ. ಕಾವಲಿನವರು ಹಿಡಿದಾಗ ಶ್ರೇಷ್ಠಿಯು, ನನ್ನ ಮಾತಿನಂತೆಯೇ ಇವರು ಅದನ್ನು ತಂದರು ಎಂದು ಹೇಳಿ ಅವರನ್ನು ಕಳುಹಿಸಿ, ಆಮೇಲೆ ಏಕಾಂತದಲ್ಲಿ ಆ ಕಳ್ಳನನ್ನು ಛೀಮಾರಿ ಹಾಕಿ ಹೊರಗಟ್ಟಿದ. ಮಾರ್ಗಕ್ಕೆ ಅಪವಾದ ಬಾರದಿರಲೆಂದು ಸಹಧರ್ಮಿಯ ದೋಷವನ್ನು ಮುಚ್ಚುವುದು ಉಪಗೂಹನ. ಮಿತ್ರರ ಮಗ, ಸಹಧರ್ಮಿ, ಒಳ್ಳೆಯ ಹುಡುಗ; ನಾಲ್ಕು ಜನರ ಮುಂದೆ ಅವನ ಅಜ್ಞಾನವನ್ನು ಬಯಲು ಮಾಡದೆ ಇದ್ದದ್ದು ಉಪಗೂಹನವೇ ಅಲ್ಲವೇ?

ಹಲವು ಬಾರಿ ಆ ಕಥೆಯನ್ನು ಓದಿದ ಮೇಲೆ ನನಗೆ ವ್ಯತ್ಯಾಸ ಕಂಡಿತು. ಕಳುವಾದ ವೈಡೂರ್ಯ ಶ್ರೇಷ್ಠಿಯದೇ ಆಗಿತ್ತು. ಅವನು ಬಾಯಿ ತೆರೆಯುವ ಹೊತ್ತಿಗೆ ಅದು ಮರಳಿ ಸಿಕ್ಕಿತ್ತು. ಮತ್ತು ಅವನು ಆ ವೇಷಧಾರಿಯನ್ನು ಮತ್ತೊಬ್ಬರ ಚೈತ್ಯಾಲಯಕ್ಕೆ ಶಿಫಾರಸು ಮಾಡಲಿಲ್ಲ, ಓಡಿಸಿದ. ಮುಗಿದುಹೋದ, ತನ್ನದೇ ಆದ ನಷ್ಟವನ್ನು ಅವನು ಮುಚ್ಚಿದ. ನಮ್ಮ ಪಡಸಾಲೆಯಲ್ಲಿ ನಷ್ಟ ಇನ್ನೂ ಆಗಿರಲಿಲ್ಲ. ಆಗಬೇಕಿದ್ದುದು ನನಗೂ ಅಲ್ಲ, ಎದುರಿಗೆ ಕುಳಿತು ಕೇಳುತ್ತಿದ್ದವರಿಗೆ. ಇನ್ನೂ ಹಣ ಹಾಕಲಿರುವವರ ಮುಂದೆ ತಿಳಿದದ್ದನ್ನು ಮುಚ್ಚುವುದಕ್ಕೆ ಉಪಗೂಹನ ಎಂಬ ಹೆಸರು ಸಲ್ಲುವುದಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ತರುಣ ತಾನು ನಂಬಿದ್ದನ್ನೇ ಹೇಳಿದ. ಅವನದು ಮಿಥ್ಯೋಪದೇಶವಾದರೂ ತಿಳಿಯದೆ ಆದದ್ದು. ತಿಳಿದವನ ನಗು ಏನಾಯಿತು? ಅದೂ ಒಂದು ಉಪದೇಶವೇ ಆಯಿತು. ಲೆಕ್ಕ ಬಲ್ಲವರೇ ನಗುತ್ತಿದ್ದಾರೆ, ಭಯವಿಲ್ಲ ಎಂದು ಕೆಲವರಾದರೂ ತಿಳಿದಿರಬೇಕು.

ನಮ್ಮ ಜಿಲ್ಲೆಯ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಿನ ನೆಲದ ಬೆಲೆ ಹುಚ್ಚೆದ್ದು ಏರಿತು. ಹೊಸಕೋಟೆ, ನೆಲಮಂಗಲಗಳ ಕಡೆಯೂ ಕಾರ್ಖಾನೆಗಳೂ ಬಡಾವಣೆಗಳೂ ಬಂದು ಅನೇಕ ಕುಟುಂಬಗಳಿಗೆ ಒಮ್ಮೆಗೇ ಹಣ ಕಂಡಿತು. ಲೆಕ್ಕ ಕೇಳದೆಯೇ ಬೆಲೆ ಏರುವುದನ್ನು ಕಣ್ಣಾರೆ ಕಂಡ ತಲೆಮಾರು ಇದು. ಅವರಿಗೆ ‘ಹಣ ಎಲ್ಲಿದೆ’ ಎಂಬ ಪ್ರಶ್ನೆ ಮುದುಕರ ಗೊಣಗಾಟದಂತೆ ಕೇಳಿದರೆ ಆಶ್ಚರ್ಯವಿಲ್ಲ.

ಬಸದಿಗಳ ಟ್ರಸ್ಟುಗಳಿಗೆ ಇದರಲ್ಲಿ ವಿಶೇಷವಾದ ಹೊಣೆಯಿದೆ. ನೆಲಮಂಗಲ ತಾಲ್ಲೂಕಿನ ಮಣ್ಣೆ, ಗಂಗರ ಕಾಲದ ಮಾನ್ಯಪುರ. ಅಲ್ಲಿ ಸೇನಾಪತಿ ಶ್ರೀವಿಜಯ ಎಂಟನೆಯ ಶತಮಾನದ ಕೊನೆಯಲ್ಲಿ ಜಿನಾಲಯ ಕಟ್ಟಿಸಿದಾಗ ಅದರ ನಿರ್ವಹಣೆಗೆ ದತ್ತಿಯಾದದ್ದು ಭೂಮಿ. ವರ್ಷ ವರ್ಷವೂ ಬೆಳೆ ಕೊಡುವಂಥದ್ದು, ರಾತ್ರೋರಾತ್ರಿ ಎರಡು ಪಟ್ಟಾಗದಂಥದ್ದು. 1961ರ ಆದಾಯ ತೆರಿಗೆ ಕಾಯ್ದೆಯೂ ತನ್ನ 11(5)ನೆಯ ಕಲಮಿನಲ್ಲಿ ಧರ್ಮಾರ್ಥ ಟ್ರಸ್ಟುಗಳ ಹಣ ಎಲ್ಲೆಲ್ಲಿ ಇರಬಹುದೆಂದು ಪಟ್ಟಿ ಮಾಡಿತು: ಸರ್ಕಾರಿ ಪತ್ರಗಳು, ಅಂಚೆ ಉಳಿತಾಯ, ಬ್ಯಾಂಕ್ ಠೇವಣಿ ಮುಂತಾದವು. ಸಣ್ಣ ಖಾಸಗಿ ಸಂಸ್ಥೆಯ ಷೇರಿಗೆ ಆ ಪಟ್ಟಿಯಲ್ಲಿ ಸ್ಥಳವಿರಲಿಲ್ಲ. ಆದ್ದರಿಂದ ನಿಧಿಯ ಹಣಕ್ಕೆ ಅಪಾಯ ಕಡಿಮೆ. ಆದರೆ ಧರ್ಮದರ್ಶಿಗಳ ಬಾಯಿಮಾತಿಗೆ ಯಾವ ಕಲಮೂ ಇಲ್ಲ. ಪೂಜೆಯ ನಂತರ ಪ್ರಾಕಾರದಲ್ಲಿ ನಿಂತು ಧರ್ಮದರ್ಶಿಯೊಬ್ಬರು ‘ನಾನೂ ತೆಗೆದುಕೊಂಡಿದ್ದೇನೆ’ ಎಂದರೆ ಅದು ಕೇಳುವವರಿಗೆ ಪೇಟೆಯ ಸುದ್ದಿಯಾಗಿ ಉಳಿಯುವುದಿಲ್ಲ. ನಾನು ಅಂದು ಬರೀ ಲೆಕ್ಕಿಗನಾಗಿರಲಿಲ್ಲ, ನಮ್ಮ ಟ್ರಸ್ಟಿನ ಖಜಾಂಚಿಯೂ ಆಗಿದ್ದೆ.

ಪಡಸಾಲೆಯಲ್ಲಿ ಕುಳಿತು ಕೇಳಿದವರಲ್ಲಿ ಒಬ್ಬ ವಿಧವೆಯಿದ್ದರು. ಪತಿ ಹೋದ ಮೇಲೆ ಎರಡು ಮಗ್ಗಗಳನ್ನು ಮಾರಿ, ಆ ಹಣವನ್ನು ಮಗಳ ಓದಿಗೆಂದು ಬ್ಯಾಂಕಿನಲ್ಲಿಟ್ಟಿದ್ದರು. ಎರಡು ಲಕ್ಷಕ್ಕೆ ತುಸು ಕಡಿಮೆ. ಅದನ್ನು ತೆಗೆದು ಷೇರಿಗೆ ಹಾಕಿದರು. ಮುಂದಿನ ವರ್ಷ ಬೇಡಿಕೆ ಇಳಿಯಿತು, ಬಾಕಿಗಳಲ್ಲಿ ಬಹುಭಾಗ ಬಾರದೆಂದು ಸಂಸ್ಥೆಯೇ ಲೆಕ್ಕದಲ್ಲಿ ಬರೆದುಕೊಂಡಿತು, ಬೆಲೆ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ತರುಣನೂ ತನ್ನ ಹಣ ಕಳೆದುಕೊಂಡ; ಆ ಸಂಬಂಧವೂ, ಬೇರೆ ಕಾರಣಕ್ಕೆ, ಕೂಡಿಬರಲಿಲ್ಲ.

ಒಂದು ದಿನ ಬಸದಿಯಿಂದ ಹಿಂದಿರುಗುವಾಗ ಆಕೆ ನನ್ನನ್ನು ನಿಲ್ಲಿಸಿ, “ಅಣ್ಣಾ, ನಿಮಗೆ ಆವಾಗಲೇ ಗೊತ್ತಿತ್ತಂತೆ, ಹೌದೇ?” ಎಂದು ಕೇಳಿದರು. ಯಾರು ಹೇಳಿದರೋ ತಿಳಿಯದು. ಪ್ರಾಯಶಃ ನಾನೇ ಎಲ್ಲಿಯೋ ಜಂಬದಿಂದ ಹೇಳಿದ್ದಿರಬೇಕು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದೆಂದೆ. “ಮತ್ತೆ ಯಾಕೆ ಹೇಳಲಿಲ್ಲ?” ಎಂದರು. ಉಪಗೂಹನದ ಮಾತು ನಾಲಿಗೆಯವರೆಗೆ ಬಂದು ನಿಂತಿತು.

ಮಾರನೆಯ ವಾರ ನಷ್ಟದ ಅರ್ಧದಷ್ಟು ಹಣವನ್ನು ಲಕೋಟೆಯಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಆಕೆ ಕಾಫಿ ಕೊಟ್ಟರು. ಲಕೋಟೆಯನ್ನು ಮುಟ್ಟಲಿಲ್ಲ. “ನೀವೇನು ನನಗೆ ಷೇರು ಮಾರಿದವರಲ್ಲವಲ್ಲ ಅಣ್ಣಾ” ಎಂದರು. ಸಾಲವಲ್ಲದ ಈ ಹಣ ಋಣವೋ ಅಲ್ಲವೋ ಎಂದು ಆ ನಿವೃತ್ತ ಹಿರಿಯರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಪುಸ್ತಕದಲ್ಲಿ ಬರೆಯುವುದಾದರೆ ಯಾವ ಕಲಮಿನಲ್ಲಿ ಬರೆಯಬೇಕೆಂದು ತಮಗೂ ಹೊಳೆಯುತ್ತಿಲ್ಲ ಎಂದರು. ಲಕೋಟೆ ಇನ್ನೂ ನನ್ನ ಬೀರುವಿನಲ್ಲಿದೆ.